ಗಂಟೆಬಟ್ಟಲಿನ ಹಾಲು

ಭೀಮನಬೀಡಿನ ಮರಿಮಲ್ಲಪ್ಪನವರಿಗೆ ಒಂದನ್ನು ಬಿಟ್ಟು ಎಲ್ಲವೂ ಇತ್ತು. ಹೊಲ ಇತ್ತು, ಬಾಳೆತೋಟ ಇತ್ತು, ಎಣ್ಣೆ ಗಾಣ ಇತ್ತು, ಗುಂಡ್ಲುಪೇಟೆಯಲ್ಲಿ ಮಂಡಿ ಇತ್ತು. ಒಂದು ಲಾರಿ, ಒಂದು ಕರೀ ಮೋಟಾರು ಕಾರೂ ಇದ್ದವು. ಇಲ್ಲದ್ದು ಚರಿತ್ರೆ. ಅವರ ತಾತ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ತೆರಕಣಾಂಬಿ ಸಂತೆಯಲ್ಲಿ ಮಾರುತ್ತಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ಉಪ್ಪು ಮಾರುವುದರಲ್ಲಿ ತಪ್ಪೇನಿಲ್ಲ, ಊರೆಲ್ಲ ಅವನ ಉಪ್ಪು ತಿಂದಿತ್ತು. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದು, ಮೈಸೂರು ರಾಜ್ಯ ಹೊಸದಾಗಿ ಕೂಡಿ, ಕಂಡಕಂಡ ದೊಡ್ಡ ಮನುಷ್ಯರೆಲ್ಲ ಅಟ್ಟ ಹತ್ತಿ ತಮ್ಮ ಹಿರಿಯರ ಕತ್ತಿ ಗುರಾಣಿ ಇಳಿಸುತ್ತಿದ್ದ ಕಾಲ ಅದು. ಅಟ್ಟ ಹತ್ತಿದರೆ ಉಪ್ಪಿನ ಗೋಣಿ ಬಿಟ್ಟು ಬೇರೇನೂ ಸಿಗದ ದೊಡ್ಡ ಮನುಷ್ಯನಿಗೆ ನಿದ್ದೆ ಹೇಗೆ ಬರಬೇಕು.

ಆದ್ದರಿಂದ ಅವರು ರಾಚಯ್ಯನ ಬಟ್ಟಲನ್ನು ತೆಗೆದುಕೊಂಡು ಹೋದರು.

ರಾಚಯ್ಯ ಊರಿನ ಚಲವಾದಿ. ಊರೊಳಗೆ ಮದುವೆಯಾಗಲಿ, ಮೆರವಣಿಗೆಯಾಗಲಿ, ಸಾವಾಗಲಿ, ಹೊಲೆಯರ ಕೇರಿಯಿಂದ ಅವನು ಬರಬೇಕು. ಹೆಗಲ ಮೇಲೆ ಗಂಟೆಬಟ್ಟಲು ಹೊತ್ತು ಎಲ್ಲರಿಗಿಂತ ಮುಂದೆ ನಡೆಯಬೇಕು. ಉದ್ದ ಹಿಡಿಯ ಹಿತ್ತಾಳೆ ಬಟ್ಟಲು, ಅದರಿಂದ ಸರಪಣಿಯಲ್ಲಿ ಇಳಿಬಿದ್ದ ಗಂಟೆ. ಹೆಜ್ಜೆ ಹೆಜ್ಜೆಗೂ ಬಾರಿಸಬೇಕು. ಹೊಲೆಯ ಮುಂದೆ ನಡೆಯುತ್ತಾನೆಂದು ಯಾರೂ ಹೊಟ್ಟೆ ಉರಿದುಕೊಳ್ಳಬೇಕಾಗಿಲ್ಲ. ದಾರಿಯ ಮುಳ್ಳು ಮೊದಲು ಚುಚ್ಚುವುದು ಅವನ ಕಾಲಿಗೆ. ಮುಂದೆ ನಡೆದವನಿಗೆ ಊಟ ಮಾತ್ರ ಕಡೆಯಲ್ಲಿ. ಎಲ್ಲರೂ ಉಂಡೆದ್ದ ಮೇಲೆ ಜಗಲಿಯ ಕೆಳಗೆ ಕೂತು ಬಟ್ಟಲು ಚಾಚಬೇಕು. ಮೇಲಿನಿಂದ ಸುರಿಯುತ್ತಾರೆ. ಅದರಲ್ಲೇ ಕಲಸಿ ಅದರಲ್ಲೇ ಉಣ್ಣಬೇಕು. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಉಂಡದ್ದು ಅದರಲ್ಲೇ.

ಆ ಬಟ್ಟಲನ್ನು ತೊಳೆಯುವುದು ಮನೆಯ ಹೆಂಗಸರ ಪಾಲು. ರಾಚಯ್ಯನ ಹೆಂಡತಿ ಚಿಕ್ಕಮಾದಮ್ಮ ಮದುವೆಯಾಗಿ ಬಂದಂದಿನಿಂದ ಅದನ್ನು ಹುಣಿಸೆಹಣ್ಣು ಬೂದಿ ಹಾಕಿ ಉಜ್ಜಿದ್ದಾಳೆ. ಹಿಡಿಯ ಮೇಲೆ ಕೆತ್ತಿದ ಬಸವನಿಗೆ ಮೂಗು ಸವೆದು ಹೋಗಿತ್ತು. ಭಕ್ತಿಯಿಂದ ಸವೆದದ್ದಲ್ಲ. ಆ ಮನೆಗೆ ಬಂದ ಸೊಸೆಯರ ಹೆಬ್ಬೆರಳಿನಿಂದ ಸವೆದದ್ದು. ಆದರೂ ಕೇರಿಯಲ್ಲಿ ಅದಕ್ಕೊಂದು ಗೂಡು ಇತ್ತು, ಗೂಡಿಗೆ ದೀಪ ಇತ್ತು. ಮಗು ಹುಟ್ಟಿದರೆ ಮೊದಲ ಗಂಜಿ ಅದರಿಂದ ಕುಡಿಸುತ್ತಿದ್ದರು. ಚಿಕ್ಕಮಾದಮ್ಮನ ಮಗಳು ಚಾಮುಂಡಿ ಕುಡಿದದ್ದೂ ಅದರಿಂದಲೇ. ಊರವರಿಗೆ ಅದು ತಮ್ಮ ಸಾವಿನ ಸಾಮಾನು. ಕೇರಿಗೆ ಅದು ಹಿರಿಯರು.

ಒಂದು ಸಂಜೆ ಮರಿಮಲ್ಲಪ್ಪನವರು ಕೇರಿಯ ಬೇಲಿಯ ಹತ್ತಿರ ಬಂದು ರಾಚಯ್ಯನನ್ನು ಕೂಗಿಸಿದರು.

"ಚಾಮ್ರಾಜನಗರದಲ್ಲಿ ದೇಶದ ಚರಿತ್ರೆ ಮಡಗಕ ಒಂದು ಮನ ಮಾಡ್ತಾವ್ರ ಕಣ್ಲಾ. ಮೂಜಿಯಮ್ಮು ಅಂತಾರ. ನಮ್ಮೂರಿಂದಲೂ ಅಳೇ ಸಾಮಾನು ಕೇಳವ್ರ. ನಿನ್ ಬಟ್ಲು ಕೊಡು. ನಿನ್ನೆಸರು ಬರಸ್ತೀನಿ," ಎಂದರು.

ರಾಚಯ್ಯ ಕೊಟ್ಟುಬಿಟ್ಟ. ಅವನ ಆಯುಸ್ಸಿನಲ್ಲಿ ಬುದ್ಧಿಯವರು ಕೇಳಿದ್ದಕ್ಕೆ ಅವನಿಗೆ ಗೊತ್ತಿದ್ದ ಉತ್ತರ ಒಂದೇ, "ಊಂ ಬುದ್ಧಿ."

ಚಿಕ್ಕಮಾದಮ್ಮ ಸೌದೆ ಹೊರೆ ಇಳಿಸಿ ಬಂದು ನೋಡಿದರೆ ಗೂಡು ಬರಿದು.

"ಯಾಕ್ ಕೊಟ್ಟಯ್ಯ?"

"ಬುದ್ಧಿಯೋರು ಕೇಳುದ್ರು."

"ಬುದ್ಧಿಯೋರು ನನ್ನ ಕೇಳುದ್ರೂ ಕೊಟ್ಬುಡ್ತಿದ್ದಾ?"

ರಾಚಯ್ಯ ಅದಕ್ಕೆ ಊಂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಂದಿನಿಂದ ಒಂದು ಕಬ್ಬಿಣದ ಸೌಟಿಗೆ ಎತ್ತಿನ ಗಂಟೆ ಕಟ್ಟಿಕೊಂಡು ಹೆಣಗಳ ಮುಂದೆ ನಡೆಯತೊಡಗಿದ. ಸೌಟಿನ ಸದ್ದು ಕೇಳಿ ಊರ ಮುದುಕಿಯರು ಮೂಗು ಮುರಿಯುತ್ತಿದ್ದರು. ಸತ್ತವರು ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಹೀಗೆ ಒಂದು ಮಳೆಗಾಲ ಕಳೆದ ಮೇಲೆ ಮ್ಯೂಸಿಯಂ ತೆರೆಯುವ ದಿನ ಬಂತು. ಮರಿಮಲ್ಲಪ್ಪನವರು ಸಂಸಾರ ಸಮೇತ ಹೊರಟರು. ಹೊರಡುವ ಹಿಂದಿನ ದಿನ ರಾಚಯ್ಯನಿಗೆ ಹೇಳಿಕಳಿಸಿದರು: ನೀನೂ ಸಂಸಾರ ಕರಕೊಂಡು ಲಾರಿಯಲ್ಲಿ ಬಾ, ನೋಡಿಕೊಂಡು ಬರುವಿರಂತೆ.

ಕೇರಿಯೇ ಮೂಗಿನ ಮೇಲೆ ಬೆರಳಿಟ್ಟಿತು. ಚಿಕ್ಕಮಾದಮ್ಮನಿಗೆ ಮಾತ್ರ ಅನುಮಾನ.

"ಇಲ್ಲೀಗಂಟ ಬುದ್ಧಿಯೋರು ಸಂಸಾರ ಕರ್ಕಂಡ್ ಬಾ ಅಂದಿರದು ಕಳ ಕೀಳಕ. ಈಗ ಯಾವ ಕಳ ಬೆಳದದ ಅಂತ ಕೇಳ್ದ್ಯಾ?"

ರಾಚಯ್ಯ ತಲೆ ಕೆರೆದುಕೊಂಡ. ಹೇಳಲೋ ಬೇಡವೋ ಎಂದು ಮೀನ ಮೇಷ ಎಣಿಸಿ ಕಡೆಗೆ ಹೇಳಿದ. ಅಲ್ಲಿಗೆ ದೊಡ್ಡ ಸಾಹೇಬರು ಬರುತ್ತಾರಂತೆ. ಬಟ್ಟಲು ಮರಿಮಲ್ಲಪ್ಪನವರ ಹಿರಿಯರದು ಅಲ್ಲವೇನಪ್ಪ ಎಂದು ಕೇಳುತ್ತಾರಂತೆ. ಹಳೇ ಆಳಿನ ಬಾಯಿಂದ ಬಂದರೆ ಅದಕ್ಕೆ ತೂಕವಂತೆ. ಅವನು ಊಂ ಬುದ್ಧಿ ಎನ್ನಬೇಕಂತೆ. ಅಷ್ಟೇ.

"ಅಷ್ಟೇಯಾ," ಎಂದಳು ಚಿಕ್ಕಮಾದಮ್ಮ.

ಅವಳಿಗೆ ಎಲ್ಲವೂ ಅರ್ಥವಾಯಿತು. ಊಂ ಎಂದರೆ ಬಟ್ಟಲು ಇನ್ನು ಜನ್ಮದಲ್ಲಿ ವಾಪಸು ಬರುವುದಿಲ್ಲ. ಊಂ ಎನ್ನದಿದ್ದರೆ ಕೂಲಿ ಇಲ್ಲ, ಗುಡಿಸಲು ನಿಂತಿರುವ ನೆಲವೂ ಬುದ್ಧಿಯವರದೇ. ಎರಡರ ನಡುವೆ ಅವಳ ಗಂಡನ ಬಾಯಿ. ಆ ಬಾಯಿಯನ್ನು ಅವಳು ಬಲ್ಲಳು.

"ನಾನೂ ಬತ್ತೀನಿ," ಎಂದಳು. "ನಿನ್ನೆಸರು ಬರುಸ್ತೀನಿ ಅಂದಿದ್ರಲ್ಲ. ಎಸರು ಇದ್ರ ನೋಡ್ಕಂಡು ಸುಮ್ಕ ಬತ್ತೀನಿ. ಇಲ್ದಿದ್ರ ಬಟ್ಲು ಕೇಳ್ತೀನಿ."

"ಬಾಯ್ ಬುಡ್ಬ್ಯಾಡ ಕಣ ಮಾರಾಯ್ತಿ."

"ನೀನು ಬುಟ್ರ ನಾನ್ಯಾಕ ಬುಡ್ಲಿ."

ಬಾಳೆಗೊನೆ ತುಂಬಿದ ಲಾರಿ. ಗೊನೆಗಳ ಮೇಲೆ ಇವರು ಮೂವರು. ಚಾಮುಂಡಿ ಮೋಟಾರು ಹತ್ತಿದ್ದು ಅದೇ ಮೊದಲು. ಗುಂಡ್ಲುಪೇಟೆಯವರೆಗೆ ಖುಷಿಯಾಗಿದ್ದಳು. ಅಲ್ಲಿಂದ ತೆರಕಣಾಂಬಿಯವರೆಗೆ ವಾಂತಿ ಮಾಡಿದಳು. ಹಿಂದಿನಿಂದ ಬಂದ ಕರೀ ಕಾರು ದೂಳೆಬ್ಬಿಸಿಕೊಂಡು ಇವರನ್ನು ದಾಟಿ ಹೋಯಿತು. ಒಳಗೆ ಮರಿಮಲ್ಲಪ್ಪನವರು, ಅವರ ಹೆಂಡತಿ ಯಶೋದಮ್ಮ, ಕಿವಿ ಮಂದವಾಗಿದ್ದ ಮುದಿ ತಾಯಿ ದೊಡ್ಡಮಲ್ಲಮ್ಮ. ಅವರ ಊಟದ ಬುಟ್ಟಿಗಳು ಮಾತ್ರ ಲಾರಿಯಲ್ಲಿ, ಚಿಕ್ಕಮಾದಮ್ಮನ ತೊಡೆಯ ಮೇಲೆ. ಬಟ್ಟೆ ಸುತ್ತಿ, ಮೇಲೆ ಬಾಳೆಲೆ ಮುಚ್ಚಿ, ಅವಳ ಕೈ ಸೋಕದ ಹಾಗೆ ಹಗ್ಗದಲ್ಲಿ ಬಿಗಿದು ಕೊಟ್ಟಿದ್ದರು. ಹೋಳಿಗೆಯ ವಾಸನೆಗೆ ಮಡಿ ಮಾಡಲು ಮರೆತಿದ್ದರು. ಅದು ದಾರಿಯುದ್ದಕ್ಕೂ ಅವಳ ಮೂಗಿಗೆ ಬಂತು.

ಮ್ಯೂಸಿಯಂ ಎಂದರೆ ಚಾಮರಾಜನಗರದ ಹೊರಗಿನ ಒಂದು ಹಳೇ ಬಂಗಲೆ. ಸುಣ್ಣ ಬಳಿದು ತೋರಣ ಕಟ್ಟಿದ್ದರು. ಬಾಗಿಲಲ್ಲಿ ಖಾಕಿ ಹಾಕಿದ ಜವಾನ. ಮರಿಮಲ್ಲಪ್ಪನವರ ಸಂಸಾರ ಒಳಗೆ ಹೋಯಿತು. ರಾಚಯ್ಯನ ಸಂಸಾರ ಮೆಟ್ಟಿಲ ಹತ್ತಿರ ನಿಂತಿತು.

"ನಾವ್ ಬರಬೈದಾ ಸ್ವಾಮಿ?" ಎಂದು ಚಿಕ್ಕಮಾದಮ್ಮ ಕೇಳಿದಳು.

ಜವಾನ ಒಳ್ಳೆಯವನೇ. "ಧಾರಾಳವಾಗಿ ಬರಬಹುದು. ಈಗ ಕಾನೂನು ಪ್ರಕಾರ ಎಲ್ಲರೂ ಒಂದೇ," ಎಂದ. ಆಮೇಲೆ ದನಿ ತಗ್ಗಿಸಿ, "ಅವರು ನೋಡಿ ಮುಂದಿನ ರೂಮಿಗೆ ಹೋಗಲಿ. ಆಮೇಲೆ ನೀವು ಒಂದೇ ಆಗಿ," ಎಂದ.

ಹೀಗೆ ಸ್ವತಂತ್ರ ಭಾರತದ ಚರಿತ್ರೆಯನ್ನು ಇವರು ಒಂದೊಂದು ರೂಮು ಹಿಂದಿನಿಂದ ನೋಡಿದರು. ಕತ್ತಿಗಳಿದ್ದವು. ಕತ್ತಿ ಹಿಡಿದವರ ಪಟಗಳಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಯಾವನೋ ಪಾಳೆಯಗಾರನ ಜರಿ ಚಪ್ಪಲಿ ಇತ್ತು. ರಾಚಯ್ಯ ಬಗ್ಗಿ ಹೊಲಿಗೆ ನೋಡಿ, "ಎಳೇ ಕರುವಿನ ಚರ್ಮ," ಎಂದ. ಹೊಲಿದವನ ಹೆಸರು ಎಲ್ಲೂ ಇರಲಿಲ್ಲ. ಎಲ್ಲ ಕಡೆ ಮುಟ್ಟಕೂಡದು ಎಂದು ಹಲಗೆ ಹಾಕಿದ್ದರು. ಅದನ್ನು ಜವಾನ ಓದಿ ಹೇಳಿದಾಗ ಚಿಕ್ಕಮಾದಮ್ಮನಿಗೆ ನಗು ಬಂತು. ಇಷ್ಟು ಹೇಳುವುದಕ್ಕೆ ಹಲಗೆ ಯಾತಕ್ಕೆ, ಹುಟ್ಟಿದಾಗಿನಿಂದ ಬಾಯಲ್ಲೇ ಹೇಳಿಸಿಕೊಂಡು ಅಭ್ಯಾಸವಿದೆಯಲ್ಲ ಎಂದುಕೊಂಡಳು.

ಒಂದು ರೂಮಿನಲ್ಲಿ ಮಣ್ಣಿನಿಂದ ಮಾಡಿದ ಊರು ಇಟ್ಟಿದ್ದರು. ಭಾರತದ ಗ್ರಾಮವಂತೆ. ಗುಡಿ, ಚಾವಡಿ, ಬಾವಿ, ಅಂಗೈಯಗಲದ ಮನೆಗಳು, ಬೊಂಬೆ ಎತ್ತುಗಳು. ಚಾಮುಂಡಿ ವಾಂತಿಯ ಸುಸ್ತನ್ನೆಲ್ಲ ಮರೆತು ಕಣ್ಣರಳಿಸಿ ನೋಡಿದಳು. ಚಿಕ್ಕಮಾದಮ್ಮ ಸುತ್ತಲೂ ಬಂದಳು. ಬಾವಿಯ ಆಚೆ ನೋಡಿದಳು. ಗುಡಿಯ ಹಿಂದೆ ನೋಡಿದಳು.

"ಕೇರಿ ಎಲ್ಲಿ ಸ್ವಾಮಿ?"

ಜವಾನ ತಲೆ ಕೆರೆದ. "ಮೇಜು ಸಾಲಲಿಲ್ಲ ಅಂತ ಕಾಣುತ್ತೆ," ಎಂದ.

ಅಷ್ಟರಲ್ಲಿ ಒಳಗಿನಿಂದ ಮ್ಯೂಸಿಯಂ ನೋಡಿಕೊಳ್ಳುವ ನೀಲಕಂಠಸ್ವಾಮಿಗಳು ಓಡಿ ಬಂದರು. ತೆಳ್ಳನೆಯ ಮನುಷ್ಯ, ಕನ್ನಡಕ, ಬೆವರು. ಅವರ ಕೈಯಲ್ಲಿ ಬಟ್ಟೆಯಲ್ಲಿ ಹಿಡಿದ ಗಂಟೆಬಟ್ಟಲು. ಚಿಕ್ಕಮಾದಮ್ಮ ಬಗ್ಗಿ ನೋಡಿದಳು. ಹಿತ್ತಾಳೆ ಕಪ್ಪಾಗಿ, ಕಿಲುಬು ಹಸುರು ಕಟ್ಟಿ, ಗುರುತು ಸಿಗದ ಹಾಗಾಗಿತ್ತು.

"ಸಾಹೇಬರು ಬರುವ ಹೊತ್ತಾಯಿತು. ಹಿತ್ತಲಿನಲ್ಲಿ ಬಾವಿ ಇದೆ. ಸ್ವಲ್ಪ ಬೆಳಗಿ ಕೊಡಮ್ಮ. ನಮ್ಮವರಿಗೆ ಯಾರಿಗೂ ಬರೋದಿಲ್ಲ," ಎಂದರು.

"ಮುಟ್ಟಬಾರ್ದು ಅಂತ ಬರದೀರಿ?"

"ತೊಳೆಯೋವರೆಗೆ ಮುಟ್ಟಬಹುದು."

ಬಾವಿಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳು ಉಜ್ಜಿದಳು. ಹುಣಿಸೆಹಣ್ಣು ಸಾಲಲಿಲ್ಲ. ಇಟ್ಟಿಗೆ ಪುಡಿ ಹಾಕಿ ಉಜ್ಜಿದಳು. ಉಗುರ ಸಂದಿಗೆ ಹುಳಿ ಇಳಿದು ಉರಿಯಿತು. ಹೆಬ್ಬೆರಳು ತಾನಾಗಿ ಬಸವನ ಮೂಗಿನ ಮೇಲೆ ಹೋಗಿ ಕೂತಿತು. ಅವಳಿಗೆ ಅಳು ಬಂತು. ಅತ್ತಳು, ಉಜ್ಜುವುದನ್ನು ನಿಲ್ಲಿಸಲಿಲ್ಲ. ಅಲ್ಲಿಂದಲೇ ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಟುಬಿಡಬಹುದಿತ್ತು. ನೋಡುವವರು ಯಾರೂ ಇರಲಿಲ್ಲ. ಆದರೆ ತನ್ನದನ್ನು ತಾನು ಕದ್ದು ಕಳ್ಳಿ ಎನ್ನಿಸಿಕೊಳ್ಳುವ ಬುದ್ಧಿಗೇಡಿತನ ಅವಳಲ್ಲಿರಲಿಲ್ಲ. ತೊಳೆದು ತಂದು ಕೊಟ್ಟಳು. ಮರಿಮಲ್ಲಪ್ಪನವರು ದೂರದಿಂದ ನೋಡಿ ಜವಾನನ ಕೈಯಲ್ಲಿ ಅದರ ಮೇಲೆ ಚೊಂಬುಗಟ್ಟಲೆ ನೀರು ಹುಯ್ಯಿಸಿದರು. ಅವಳ ಕೈಯ ಬೆಳಕು ಬೇಕು, ಕೈ ಬೇಡ.

ಸಾಹೇಬರು ಬಂದರು. ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿ, ಚರಿತ್ರೆಯಲ್ಲಿ ಪಂಡಿತರಂತೆ. ದೊಡ್ಡ ಹಜಾರದ ನಡುವೆ ಕೆಂಪು ಮಖಮಲ್ಲಿನ ಮೇಲೆ ಬಟ್ಟಲು ಥಳಥಳ ಹೊಳೆಯುತ್ತಿತ್ತು. ಮುಂದೆ ಕುರ್ಚಿಗಳು. ಕುರ್ಚಿಯ ಹಿಂದೆ ಪೇಟೆಯ ಜನ. ಜನರ ಹಿಂದೆ ಗೋಡೆ. ಗೋಡೆಗೆ ಒತ್ತಿಕೊಂಡು ರಾಚಯ್ಯನ ಸಂಸಾರ. ಚಿಕ್ಕಮಾದಮ್ಮನ ತಲೆಯ ಮೇಲೆ ಊಟದ ಬುಟ್ಟಿ. ಇಳಿಸು ಎಂದು ಯಾರೂ ಹೇಳಿರಲಿಲ್ಲ.

ನೀಲಕಂಠಸ್ವಾಮಿಗಳು ಗಂಟಲು ಸರಿಮಾಡಿಕೊಂಡು ಬಟ್ಟಲ ಪಕ್ಕದ ಹಲಗೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಇದು ಭೀಮನಬೀಡಿನ ಶ್ರೀಮಾನ್ ಮರಿಮಲ್ಲಪ್ಪನವರ ವಂಶದ ವೀರಪಾತ್ರೆ. ಅವರ ಪೂರ್ವಿಕರು ದಂಡನಾಯಕರಾಗಿದ್ದರು. ರಣರಂಗಕ್ಕೆ ಹೊರಡುವ ಮೊದಲು ಈ ಪಾತ್ರೆಯಲ್ಲಿ ಹಾಲು ಕುಡಿದು, ಈ ಗಂಟೆಯನ್ನು ಬಾರಿಸಿ, ಕುದುರೆ ಏರುತ್ತಿದ್ದರು.

ರಾಚಯ್ಯನ ಹೆಸರು ಬರಲಿಲ್ಲ. ಚಿಕ್ಕಮಾದಮ್ಮ ಕಡೆಯ ಮಾತಿನವರೆಗೂ ಕಾದಳು. ಉಪ್ಪಿನೆತ್ತು ಕುದುರೆಯಾದದ್ದು ಮಾತ್ರ ತಿಳಿಯಿತು.

ಮುಂದಿನ ಕುರ್ಚಿಯಲ್ಲಿದ್ದ ದೊಡ್ಡಮಲ್ಲಮ್ಮ ಕಣ್ಣು ಕಿರಿದು ಮಾಡಿ ಮಖಮಲ್ಲಿನ ಕಡೆ ನೋಡುತ್ತಿದ್ದರು. ಕಿವುಡರ ದನಿ ದೊಡ್ಡದು.

"ಮಲ್ಲಪ್ಪ, ಇದು ನಮ್ಮ ಚಲವಾದಿ ಬಟ್ಲಲ್ವಪ್ಪ?"

"ಸುಮ್ಕಿರವ್ವ," ಎಂದರು ಮರಿಮಲ್ಲಪ್ಪನವರು.

"ವಯಸ್ಸಾದವರು," ಎಂದು ನೀಲಕಂಠಸ್ವಾಮಿಗಳು ಸಾಹೇಬರ ಕಡೆ ನೋಡಿ ನಕ್ಕರು. ಆಮೇಲೆ ಕಾರ್ಯಕ್ರಮದ ಮುಖ್ಯ ಭಾಗ ಎಂದು ಸಾರಿ, ಜವಾನನ ಕಡೆ ಕೈ ಮಾಡಿದರು. ಜವಾನ ಬೆಳ್ಳಿ ಚೊಂಬಿನಲ್ಲಿ ಹಾಲು ತಂದ. ವಂಶದ ಹಿರಿಯರು ಕುಡಿಯುತ್ತಿದ್ದ ಪಾತ್ರೆಯಲ್ಲಿ ಇಂದಿನ ಯಜಮಾನರು ಹಾಲು ಕುಡಿಯುತ್ತಾರೆ, ಪೇಪರಿನವರು ಫೋಟೋ ತೆಗೆಯುತ್ತಾರೆ.

ಇದು ಮರಿಮಲ್ಲಪ್ಪನವರಿಗೆ ಗೊತ್ತಿರಲಿಲ್ಲ. ಹಾಲಿನ ಮಾತು ಅವರೇ ಹೇಳಿದ್ದು ನಿಜ. ಹೇಳುವಾಗ ಬಾಯಿಗೆ ಸಿಹಿಯಾಗಿತ್ತು, ಹೇಳಿದ್ದರು. ಹೇಳಿದ ಸುಳ್ಳನ್ನು ಬಟ್ಟಲಲ್ಲಿ ಹುಯ್ದು ಮುಂದೆ ಹಿಡಿಯುತ್ತಾರೆಂದು ಯಾರು ಕಂಡಿದ್ದರು. ಬಟ್ಟಲು ಅವರ ಕೈಗೆ ಬಂತು. ಅದರೊಳಗೆ ಯಾರ ಬೆರಳು ಕಲಸಿದೆ, ಯಾರ ಬಾಯಿ ತಾಗಿದೆ ಎಂದು ಆ ಹಜಾರದಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಇಬ್ಬರೇ, ಮುಂದಿನ ಕುರ್ಚಿಯ ತಾಯಿ ಮತ್ತು ಪಕ್ಕದ ಕುರ್ಚಿಯ ಹೆಂಡತಿ. ಗೋಡೆಗೆ ಒತ್ತಿಕೊಂಡವರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ.

ಅವರ ಕೈ ಬಾಯಿಯ ಹತ್ತಿರ ನಿಂತಿತು. ಫೋಟೋದವನು ಕರೀ ಬಟ್ಟೆಯೊಳಗಿನಿಂದ, "ಕುಡೀರಿ ಸಾರ್," ಎಂದ. ಸಾಹೇಬರು ನಗುನಗುತ್ತಾ ಕಾಯುತ್ತಿದ್ದರು.

ಕುಡಿದರು. ಜನ ಚಪ್ಪಾಳೆ ತಟ್ಟಿದರು. ಯಶೋದಮ್ಮ ತಲೆ ಬಗ್ಗಿಸಿ ತಮ್ಮ ಸೀರೆಯ ಅಂಚು ನೋಡತೊಡಗಿದರು.

ಸಾಹೇಬರು ಖುಷಿಯಾಗಿ ಎದ್ದು ನಿಂತು, "ಆ ಹಳೇ ಆಳು ಬಂದಿದಾನೆ ಅಂದಿರಲ್ಲ, ಎಲ್ಲಿ?" ಎಂದರು. ಜವಾನ ರಾಚಯ್ಯನನ್ನು ಮುಂದಕ್ಕೆ ತಳ್ಳಿದ. ರಾಚಯ್ಯ ಹೆಗಲ ಟವಲು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿ ನಿಂತ. ಬೆವರು ಅವನ ಬೆನ್ನ ಮೇಲೆ ಗೆರೆ ಗೆರೆಯಾಗಿ ಇಳಿಯುವುದು ಚಿಕ್ಕಮಾದಮ್ಮನಿಗೆ ಕಾಣುತ್ತಿತ್ತು.

"ಏನಪ್ಪ, ಇದು ನಿಮ್ಮ ಯಜಮಾನರ ಹಿರಿಯರದು ತಾನೆ?"

"ಊಂ," ಎಂದ ರಾಚಯ್ಯ.

ಬುದ್ಧಿ ಎನ್ನುವುದು ಇನ್ನೂ ಬಾಯಲ್ಲಿತ್ತು. ಅಷ್ಟರಲ್ಲಿ ಚಿಕ್ಕಮಾದಮ್ಮ ಬುಟ್ಟಿಯನ್ನು ಎತ್ತಿ ಹಜಾರದ ನಡುವೆ ಇಳಿಸಿದಳು. ಕತ್ತು ನೋಯುತ್ತಿತ್ತು.

"ಅಲ್ಲ ಬುದ್ಧಿ," ಎಂದಳು.

"ಏಯ್, ಓಗಮ್ಮಿ ಆಚಗ," ಎಂದರು ಮರಿಮಲ್ಲಪ್ಪನವರು.

"ಹೇಳಲಿ, ಹೇಳಲಿ," ಎಂದರು ಸಾಹೇಬರು. "ಇದು ಸ್ವತಂತ್ರ ದೇಶ. ಹೇಳಮ್ಮ."

ಸ್ವತಂತ್ರ ದೇಶ ಇಂಥ ಯಡವಟ್ಟು ಮಾಡುತ್ತದೆಂದು ಮರಿಮಲ್ಲಪ್ಪನವರಿಗೆ ಮೊದಲೇ ಅನುಮಾನವಿತ್ತು.

"ಇದು ನಮ್ಮ ಬಟ್ಲು. ಒಲೇರ ಬಟ್ಲು. ನನ್ನ ಗಂಡ ಊರೋರ ಎಣದ ಮುಂದ ಇದ ಒತ್ಕಂಡು ಗಂಟ ಬಾರುಸ್ತಾನ. ತಿಥಿ ದಿನ ಜಗ್ಲಿ ಕೆಳಗ ಕೂತ್ರ ಇದುಕ್ಕೇ ಕೂಳು ಆಕ್ತಾರ. ಇದ್ರಲ್ಲೇ ಉಣ್ತಾನ. ನಮ್ಮಾವನೂ ಇದ್ರಲ್ಲೇ ಉಂಡದ್ದು. ಎಂಜ್ಲು ತೊಳ್ದೋಳು ನಾನು. ನನ್ ಮಗ್ಳಿಗ ಮೊದಲ್ನೇ ಗಂಜಿ ಕುಡ್ಸಿರದೂ ಇದ್ರಲ್ಲೇ, ಇಗಾ ನಿಂತವ್ಳ. ಇದ್ರಲ್ಲಿ ದೊಡ್ಡೋರು ಆಲು ಕುಡ್ದದ್ದು ನಾ ಇವತ್ತೇ ಕಂಡದ್ದು."

ಯಶೋದಮ್ಮ ಎದ್ದು ಗಂಡನಿಂದ ಒಂದು ಕುರ್ಚಿ ದೂರ ಹೋಗಿ ಕೂತರು. ಪೇಟೆಯ ದೊಡ್ಡ ಮನುಷ್ಯರಲ್ಲಿ ಕೆಲವರು ಮರಿಮಲ್ಲಪ್ಪನವರ ಬಾಯಿಯನ್ನೇ ನೋಡತೊಡಗಿದರು. ತುಟಿಯ ಮೇಲೆ ಹಾಲಿನ ಗೆರೆ ಇನ್ನೂ ಇತ್ತು. ಕುಡಿದದ್ದು ಬಾಯಿಗೆ ವಾಪಸು ಬಂದಿರಬೇಕು. ಅವರಿಗೆ ಈಗ ಎರಡೇ ದಾರಿ. ಉಗಿದರೆ ಬಟ್ಟಲು ರಾಚಯ್ಯನದು. ನುಂಗಿದರೆ ತಮ್ಮದು.

ನುಂಗಿದರು.

"ಸುಳ್ಳು ಸಾರ್. ತಲೆ ಕೆಟ್ಟ ಹೆಂಗಸು. ಬಟ್ಟಲು ನಮ್ಮದೇ. ನಮ್ಮ ವಂಶದ್ದೇ," ಎಂದರು.

"ನಿಮ್ಮದೇ ಅಂತೀರಿ," ಎಂದರು ಸಾಹೇಬರು.

"ನಮ್ಮದೇ."

ಬಟ್ಟಲು ಹೋಯಿತು ಎಂದು ಚಿಕ್ಕಮಾದಮ್ಮನಿಗೆ ಗೊತ್ತಾಯಿತು. ಹೋದ ಬಟ್ಟಲಿನ ಜೊತೆ ಹೋಗಬೇಕಾದದ್ದು ಇನ್ನೂ ಇತ್ತು.

"ಆಗ್ಲಿ ಬುಡಿ," ಎಂದಳು. "ಎಲ್ರೂ ಕೇಳುಸ್ಕಂಡ್ರಲ್ಲ. ಬಟ್ಲು ಬುದ್ಧಿಯೋರ್ದಂತ. ನಾವೂ ಒಪ್ಕಂಡೊ. ಬಟ್ಲು ಯಾರ್ದೋ ಗಂಟ ಬಾರ್ಸದೂ ಅವರ್ದೇ. ಇನ್ಮ್ಯಾಲ ಊರಲ್ಲಿ ಯಾರ್ ಸತ್ರೂ ಎಣದ ಮುಂದ ಬುದ್ಧಿಯೋರೇ ನಡೀಲಿ. ಮುಳ್ಳು ತುಳೀಲಿ. ಜಗ್ಲಿ ಕೆಳಗ ಕೂತ್ಕಂಡು ಉಣ್ಲಿ. ನಮ್ಗ ಬ್ಯಾಡ."

ದೊಡ್ಡಮಲ್ಲಮ್ಮ ಸೊಸೆಯ ಕಡೆ ತಿರುಗಿ, "ಏನಂದ್ಲು?" ಎಂದು ಕೇಳಿದರು.

ಸಾಹೇಬರಿಗೆ ಮಾತ್ರ ಇದೆಲ್ಲ ಬಹಳ ಹಿಡಿಸಿತು. ನಮ್ಮ ಹಳ್ಳಿಯ ಜನರ ಮಾತಿನಲ್ಲಿ ಎಂಥ ಸೊಗಸು ಇದೆ ನೋಡಿ ಎಂದು ನೀಲಕಂಠಸ್ವಾಮಿಗಳಿಗೆ ಹೇಳಿದರು. ಆಮೇಲೆ ಊಟಕ್ಕೆ ಹೊತ್ತಾಯಿತೆಂದು ಹೊರಟರು. ಬಟ್ಟಲು ಗಾಜಿನೊಳಗೆ ಹೋಯಿತು, ಬೀಗ ಬಿತ್ತು, ಹಲಗೆ ಹಾಗೇ ಇತ್ತು.

ವಾಪಸು ಹೋಗಲು ಲಾರಿ ಇರಲಿಲ್ಲ. ಇದ್ದರೂ ಇವರಿಗಿರಲಿಲ್ಲ. ಚಾಮುಂಡಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಂಡ್ಲುಪೇಟೆ ದಾರಿಯಲ್ಲಿ ನಡೆದರು. ಊರ ಹೊರಗಿನ ಹುಣಿಸೆಸಾಲು ಮುಗಿಯಿತು.

"ನಾನು ಊಂ ಅಂದ್ಬುಟ್ಟೆ ಕಣ," ಎಂದ ರಾಚಯ್ಯ.

"ಕೇಳುಸ್ತು."

"ಎದ್ರಿಕ ಆಗೋಯ್ತು."

"ನನಗೂ ಆಯ್ತು. ನಾನೇನು ದಂಡನಾಯಕನ ಮಗಳಾ?"

ರಾಚಯ್ಯನ ಹೆಗಲು ಕುಲುಕತೊಡಗಿತು. ಅಳುತ್ತಾನೆಂದುಕೊಂಡಳು. ನಗುತ್ತಿದ್ದ. "ನುಂಗ್ಬುಟ್ರಲ್ಲ," ಎಂದ. ಮೇಲೆ ಕೂತಿದ್ದ ಚಾಮುಂಡಿಯೂ ಏನೆಂದು ತಿಳಿಯದೆ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ಮರಿಮಲ್ಲಪ್ಪನವರು ಬಯ್ಯಲಿಲ್ಲ, ಹೊಡೆಸಲಿಲ್ಲ, ಗುಡಿಸಲೂ ಕೀಳಿಸಲಿಲ್ಲ. ಬಯ್ದರೆ ಯಾತಕ್ಕೆ ಎಂದು ಜನ ಕೇಳುತ್ತಾರೆ. ಕೂಲಿ ನಿಲ್ಲಿಸಿದರು, ಅಷ್ಟೇ. ಕೇರಿಗೆಲ್ಲ ನಿಲ್ಲಿಸಿದರು. ಬಾಳೆತೋಟಕ್ಕೆ ಬೇರೆ ಊರಿಂದ ಆಳು ಬಂದರು. ರಾಚಯ್ಯ ಕಲ್ಲು ಒಡೆಯಲು ಹೋದ. ಒಡೆದ ಕಲ್ಲಿನ ಚೂರು ಸಿಡಿದು ಒಂದು ಹುಬ್ಬು ಸೀಳಿತು. ಚಿಕ್ಕಮಾದಮ್ಮ ಕಾಡಂಚಿನಿಂದ ಸೌದೆ ಹೊತ್ತು ಗುಂಡ್ಲುಪೇಟೆಯ ಬೀದಿಬೀದಿ ಅಲೆದಳು. ನೆತ್ತಿಯ ಕೂದಲು ಉದುರಿ ಅಲ್ಲಿ ಗಂಟು ಕಟ್ಟಿತು. ಕೇರಿಯ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನಿನ್ನ ಬಾಯಿಂದ ನಮ್ಮ ಮಕ್ಕಳ ಬಾಯಿಗೆ ಮಣ್ಣು ಬಿತ್ತು ಎಂದು ಒಬ್ಬಳು ಹೇಳಿಯೂ ಹೇಳಿದಳು. ಅದು ನಿಜವಾಗಿತ್ತು.

ಆದರೆ ಒಂದು ವಿಷಯದಲ್ಲಿ ಕೇರಿ ಕದಲಲಿಲ್ಲ. ಊರಲ್ಲಿ ಒಂದೆರಡು ಸಾವಾದಾಗ ಮರಿಮಲ್ಲಪ್ಪನವರು ಬೇರೆ ಯಾರಾದರೂ ಬಂದು ಗಂಟೆ ಬಾರಿಸಲಿ ಎಂದು ಹೇಳಿಕಳಿಸಿದರು. ಕೇರಿಯ ಹಿರಿಯ ನಿಂಗಯ್ಯ ಬಹಳ ವಿನಯದಿಂದ ಕೈ ಮುಗಿದ.

"ಅದು ಬುದ್ಧಿಯೋರ ಮನತನದ ಗಂಟ ಅಂತ ಪೇಪರಲ್ಲಿ ಬಂದದಂತಲ್ಲ. ದಂಡನಾಯಕರ ಗಂಟ ನಾವ್ ಬಾರ್ಸುದ್ರ ತಪ್ಪಾಯ್ತದ," ಎಂದ.

ಆ ಹೆಣಗಳು ಗಂಟೆ ಇಲ್ಲದೆ ಸದ್ದಡಗಿಸಿಕೊಂಡು ಹೋದವು. ಬಡವರ ಹೆಣಗಳು, ಯಾರೂ ದೊಡ್ಡದು ಮಾಡಲಿಲ್ಲ.

ಹುಚ್ಚೆಳ್ಳು ಹೂ ಬಿಡುವ ಕಾಲಕ್ಕೆ ದೊಡ್ಡಮಲ್ಲಮ್ಮ ಸತ್ತರು.

ಚಿಕ್ಕಮಾದಮ್ಮನಿಗೆ ಆ ಮುದುಕಿಯ ಮೇಲೆ ಸಿಟ್ಟಿರಲಿಲ್ಲ. ಬಾಣಂತಿಯಾಗಿದ್ದಾಗ ಹಿತ್ತಲ ಗೋಡೆಯ ಮೇಲಿನಿಂದ ಎಣ್ಣೆ, ಬೆಲ್ಲ ಇಳಿಸಿ ಕೊಟ್ಟವರು ಅವರೇ. ಬಟ್ಟಲು ಯಾರದೆಂದು ಅಷ್ಟು ಜನರ ಮುಂದೆ ಮೊದಲು ಹೇಳಿದವರೂ ಅವರೇ. ಸುದ್ದಿ ಕೇಳಿ ಅವಳು ಗುಡಿಸಲಿನ ಬಾಗಿಲಲ್ಲಿ ಕೂತು ಕಣ್ಣೊರೆಸಿಕೊಂಡಳು.

ಹೆಣವನ್ನು ಶೃಂಗಾರ ಮಾಡಿ ಬಿದಿರು ಕಟ್ಟಿದ ವಿಮಾನದಲ್ಲಿ ಕೂರಿಸಿದ್ದರು. ಸುತ್ತಲ ಊರಿನ ನೆಂಟರೆಲ್ಲ ಬಂದಿದ್ದರು. ಗಂಟೆ ಇಲ್ಲದೆ ನನ್ನ ಎತ್ತಬೇಡಿ, ದಾರಿ ಬಿಡುವುದಿಲ್ಲ ಎಂದು ಮುದುಕಿ ಸಾಯುವ ಮೊದಲು ಮಗನಿಂದ ಮಾತು ತೆಗೆದುಕೊಂಡಿದ್ದರಂತೆ. ನೆಂಟರು ಕಾದರು. ಬಿಸಿಲು ಏರಿತು. ಮಾಲೆಯ ಹೂವು ಬಾಡಿತು. ಬೀಗರ ಪೈಕಿ ಯಾರೋ ಒಬ್ಬರು, "ಗಂಟೆ ನಿಮ್ಮ ಮನತನದ್ದೇ ಅಲ್ವ ಮರಿಮಲ್ಲಪ್ಪನೋರೆ, ಇನ್ನ್ಯಾಕ್ ತಡ," ಎಂದು ಮೀಸೆಯೊಳಗೇ ನಕ್ಕರಂತೆ. ಊರಿನ ಬಾಯಿಗೆ ಬೀಗ ಹಾಕುವ ಗಾಜಿನ ಪೆಟ್ಟಿಗೆ ಇನ್ನೂ ಆಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮರಿಮಲ್ಲಪ್ಪನವರು ಕೇರಿಗೆ ಬಂದರು. ಬೇಲಿಯ ಹತ್ತಿರ ನಿಲ್ಲಲಿಲ್ಲ. ಒಳಗೇ ಬಂದರು, ಒಬ್ಬರೇ, ಬರಿಗಾಲಲ್ಲಿ. ಅವರು ಕೇರಿಯ ಒಳಗೆ ಕಾಲಿಟ್ಟದ್ದನ್ನು ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಬಾಗಿಲಿಗೆ ಬಂದರು. ರಾಚಯ್ಯ ಗುಡಿಸಲ ಮುಂದೆ ಸುತ್ತಿಗೆಗೆ ಮರದ ಹಿಡಿ ಹಾಕುತ್ತಿದ್ದ.

"ಅವ್ವ ಕೂತವ್ಳ ಕಣ್ಲಾ," ಎಂದರು. ದನಿ ಒಡೆದಿತ್ತು. ತಾಯಿ ಸತ್ತವರ ದನಿ ಎಲ್ಲರದೂ ಒಂದೇ ಥರ ಇರುತ್ತದೆ. "ಸೌಟಾದ್ರೂ ಸರಿ. ಗಂಟ ಕಟ್ಕಂಡು ಬಾ."

ಚಿಕ್ಕಮಾದಮ್ಮ ಬಾಗಿಲಲ್ಲಿ ಎದ್ದು ನಿಂತಳು.

"ಬಟ್ಲು ಯಾರ್ದು ಬುದ್ಧಿ?"

ಮರಿಮಲ್ಲಪ್ಪನವರು ಸುತ್ತ ನೋಡಿದರು. ಕೇರಿಯ ಅಷ್ಟೂ ಕಣ್ಣು ಅವರ ಮೇಲಿತ್ತು.

"ನಿಮ್ದೇ ಕಣವ್ವ," ಎಂದರು.

"ನಾನು ಮೂಜಿಯಮ್ಮಲ್ಲಿ ಜೋರಾಗಿ ಯೋಳ್ದೆ. ನೀವೂ ಜೋರಾಗಿ ಯೋಳಿ."

"ಬಟ್ಲು ನಿಮ್ದು. ರಾಚಯ್ಯಂದು. ನಾನು ಸುಳ್ಳು ಯೋಳ್ದೆ. ನಾಳನೇ ಓಗಿ ಬರ್ದು ಕೊಟ್ಟು ಬುಡಿಸ್ಕಂಡು ಬತ್ತೀನಿ. ಸಾಕಾ? ಈಗ ಎದ್ದು ಬಾರ್ಲಾ."

ರಾಚಯ್ಯ ಸುತ್ತಿಗೆ ಕೆಳಗಿಟ್ಟ. ಮೊಣಕಾಲ ಮೇಲೆ ಕೈಯೂರಿದ. ಅವನು ಏಳುತ್ತಾನೆ ಎಂದು ಚಿಕ್ಕಮಾದಮ್ಮನಿಗೆ ಖಾತ್ರಿಯಾಯಿತು. ಅವನ ಅಪ್ಪ ಎದ್ದಿದ್ದ, ಅಪ್ಪನ ಅಪ್ಪ ಎದ್ದಿದ್ದ, ಕರೆದಾಗ ಏಳುವುದು ಆ ಮಂಡಿಗಳಿಗೆ ಹುಟ್ಟಿನಿಂದ ಬಂದದ್ದು. ಸತ್ತವಳು ಒಳ್ಳೆಯವಳು. ಬೇಡ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಇದು ಅವನದು, ಅವನೇ ಹೇಳಲಿ ಎಂದು ಹಲ್ಲು ಕಚ್ಚಿ ನಿಂತಳು.

ರಾಚಯ್ಯ ಅರ್ಧ ಎದ್ದವನು ಮತ್ತೆ ಕೂತ. ಸೀಳಿದ ಹುಬ್ಬನ್ನು ಒಮ್ಮೆ ಸವರಿಕೊಂಡು, ತಲೆಯೆತ್ತಿ, ಮರಿಮಲ್ಲಪ್ಪನವರ ಮುಖವನ್ನೇ ನೋಡಿದ.

"ಬಟ್ಲು ನಮ್ದು," ಎಂದ. "ಎಣ ನಿಮ್ದು. ನೀವೇ ಮುಂದ ನಡೀರಿ."